ಮೊಳೆದಿಬ್ಬ: ಗೋದಲಿಯಲ್ಲೊಂದು ಇಕ್ಕಳ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದನ್ನು ಚೆನ್ನಾಗಿ ಹೇಳಬಲ್ಲವರು ನಮ್ಮೂರಿನಲ್ಲಿ ಇದ್ದರು, ಈಗ ಇಲ್ಲ. ನಾನು ಹೊಲಿಗೆ ಕೆಲಸದವನು. ಅಂಗಿಯ ಅಳತೆ ಬರೆದುಕೊಳ್ಳುವುದನ್ನು ಬಿಟ್ಟರೆ ಬೇರೇನನ್ನೂ ಬರೆದವನಲ್ಲ. ದಿಬ್ಬ ನೋಡಲು ಬರುವವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ, ಊರಿನವರು ಒಬ್ಬೊಬ್ಬರು ಒಂದೊಂದು ಉತ್ತರ ಹೇಳಿ ಕಳಿಸುತ್ತಾರೆ. ಆದ್ದರಿಂದ "ಒಂದು ಕಡೆ ಸರಿಯಾಗಿ ಬರೆದಿಡು ಬಸ್ತಿಯಪ್ಪ" ಎಂದು ನಮ್ಮ ಚರ್ಚಿನ ಗುರುಗಳು ಹೇಳಿದರು, ಅದಕ್ಕೆ ಬರೆಯುತ್ತಿದ್ದೇನೆ. ಗೊತ್ತಿರುವುದನ್ನೇ ಮತ್ತೆ ಮತ್ತೆ ಬಿಡಿಸಿ ಹೇಳುತ್ತಾನೆ ಎಂದು ತಿಳಿದವರಿಗೆ ಅನ್ನಿಸಬಹುದು. ತಿಳಿಯದವರೂ ಓದುತ್ತಾರಲ್ಲ, ಅವರಿಗಾಗಿ ಸ್ವಲ್ಪ ಸಹಿಸಿಕೊಳ್ಳಬೇಕು.

ನಮ್ಮ ಊರು ಹೊನ್ನೆಕುಂಟೆ, ಕೋಲಾರದ ಕಡೆಯ ಬಯಲುಸೀಮೆಯಲ್ಲಿದೆ. ಕುಂಟೆ ಎಂದರೆ ಕೆರೆಗಿಂತ ಚಿಕ್ಕದಾದ ನೀರಿನ ಹಳ್ಳ. ಆ ಕುಂಟೆಯ ಮೂಡಣಕ್ಕೆ ನಮ್ಮ ಚರ್ಚೂ ಕ್ರೈಸ್ತರ ಮನೆಗಳೂ ಇವೆ. ಪಡುವಣಕ್ಕೆ ಹಳೆಯ ಊರು, ಅಲ್ಲಿ ಮುನೇಶ್ವರನ ಗುಡಿಯಿದೆ. ಎರಡರ ನಡುವೆ, ಯಾರ ಕಡೆಗೂ ಸೇರದಂತೆ, ಒಂದು ಮಣ್ಣಿನ ದಿಬ್ಬವಿದೆ. ಅದೇ ಮೊಳೆದಿಬ್ಬ. ದಿಬ್ಬದ ನೆತ್ತಿಯಲ್ಲಿ ಕಲ್ಲುಕಂಬದ ಒಂದು ಚಿಕ್ಕ ಮಂಟಪ, ಮಂಟಪದೊಳಗೆ ಹೆಸರಿಲ್ಲದ ಒಂದು ಸಮಾಧಿ. ಕ್ರಿಸ್ಮಸ್ ಹಬ್ಬದಲ್ಲಿ ಬೇರೆ ಊರಿನವರು ಗೋದಲಿಯನ್ನು ಚರ್ಚಿನ ಒಳಗೆ ಕಟ್ಟಿದರೆ ನಾವು ಈ ಸಮಾಧಿಯ ಮೇಲೆ ಕಟ್ಟುತ್ತೇವೆ. ಗೋದಲಿ ಎಂದರೆ ದನಗಳಿಗೆ ಮೇವು ಹಾಕುವ ತೊಟ್ಟಿ. ಯೇಸುಸ್ವಾಮಿ ಹುಟ್ಟಿದಾಗ ತಾಯಿ ಮಗುವನ್ನು ಮಲಗಿಸಿದ್ದು ಅಂಥ ತೊಟ್ಟಿಯಲ್ಲಿ ಆದ್ದರಿಂದ, ಆ ಕೊಟ್ಟಿಗೆಯನ್ನೂ ಅದರೊಳಗಿನ ಬೊಂಬೆಗಳನ್ನೂ ಸೇರಿಸಿ ಗೋದಲಿ ಎಂದೇ ಕರೆಯುವುದು ರೂಢಿ. ನಮ್ಮ ಗೋದಲಿಯಲ್ಲಿ ಮರಿಯಮ್ಮನವರು, ಜೋಸೆಫರು, ಕುರುಬರು, ಕುರಿಗಳು, ಹೆಗಲ ಮೇಲೆ ಹಿಣಿಲು ಉಬ್ಬಿರುವ ನಮ್ಮ ಕಡೆಯ ಎತ್ತು, ಎಲ್ಲವೂ ಇವೆ. ಸುತ್ತಲೂ ಬುಟ್ಟಿ ಬುಟ್ಟಿಯಾಗಿ ರಾಗಿಯ ಎಳೆಪೈರು ಇರುತ್ತದೆ. ಎತ್ತಿನ ಮುಂದೆ ಒಂದು ಇಕ್ಕಳ ಇರುತ್ತದೆ. ಬಡಗಿಗಳು ಮೊಳೆ ಕೀಳಲು ಬಳಸುತ್ತಾರಲ್ಲ, ಆ ಕಬ್ಬಿಣದ ಇಕ್ಕಳ. ತುಕ್ಕು ಹಿಡಿದು ಬಾಯಿ ಕಚ್ಚಿಕೊಂಡಿದೆ. ಹಸುಗೂಸಿನ ಪಕ್ಕದಲ್ಲಿ ಇಕ್ಕಳ ಏಕೆ? ಎಲ್ಲರೂ ಕೇಳುವ ಪ್ರಶ್ನೆ ಇದೇ.

ದೂರದಿಂದ ಬಂದವರಲ್ಲಿ ಹಲವರು ತಾವೇ ಉತ್ತರ ಕಟ್ಟಿಕೊಳ್ಳುತ್ತಾರೆ. ಮೊಳೆದಿಬ್ಬ ಎಂದರೆ ಕಬ್ಬಿಣದ ಮೊಳೆಯ ದಿಬ್ಬ. ಯೇಸುಸ್ವಾಮಿಯನ್ನು ಶಿಲುಬೆಗೆ ಜಡಿದ ಮೊಳೆಗಳ ನೆನಪಿಗೆ ಈ ಹೆಸರು. ಆ ಮೊಳೆಗಳನ್ನು ಕಿತ್ತು ದೇಹವನ್ನು ಇಳಿಸಿದ್ದರ ಗುರುತು ಈ ಇಕ್ಕಳ ಎನ್ನುತ್ತಾರೆ. ಶುಭ ಶುಕ್ರವಾರದಂದು ಹೊರಗಿನಿಂದ ಬಂದು ದಿಬ್ಬದ ಹೊಂಗೆಮರಕ್ಕೆ ಮೊಳೆ ಹೊಡೆದು ಹರಕೆ ಹೇಳಿಕೊಳ್ಳುವವರೂ ಇದ್ದಾರೆ. ಮರಕ್ಕೆ ನೋವಾಗುತ್ತದೆ, ಹಾಗೆ ಮಾಡಬೇಡಿ ಎಂದು ಬೋರ್ಡು ಹಾಕಿದೆವು. ಆ ಬೋರ್ಡಿಗೂ ಮೊಳೆ ಹೊಡೆದಿದ್ದಾರೆ. ಅವರ ಭಕ್ತಿಯ ಬಗ್ಗೆ ನಾನು ಹಗುರವಾಗಿ ಮಾತನಾಡುತ್ತಿಲ್ಲ. ಆದರೆ ಕನ್ನಡದಲ್ಲಿ ಮೊಳೆ ಎಂಬ ಮಾತಿಗೆ ಎರಡು ಅರ್ಥಗಳಿವೆ. ಸುತ್ತಿಗೆಯಿಂದ ಹೊಡೆಯುವುದೂ ಮೊಳೆ, ಕಾಳಿನಿಂದ ಹೊರಬರುವ ಮೊಳಕೆಯೂ ಮೊಳೆ. ನಮ್ಮ ಕಡೆ ಮದುವೆಯಲ್ಲೂ ದಸರೆಯಲ್ಲೂ ಬುಟ್ಟಿಗೆ ಮಣ್ಣು ತುಂಬಿ, ಕಾಳು ಚೆಲ್ಲಿ, ಕತ್ತಲ ಮೂಲೆಯಲ್ಲಿಟ್ಟು ಪೈರು ಬರಿಸುವುದಕ್ಕೆ 'ಮೊಳೆ ಹಾಕುವುದು' ಎಂದೇ ಹೇಳುತ್ತಾರೆ. ಈ ದಿಬ್ಬದ ಹೆಸರು ಬಂದಿರುವುದು ಆ ಎರಡನೆಯ ಮೊಳೆಯಿಂದ. ಆದರೂ ಮೊದಲನೆಯ ಮೊಳೆಗೆ ಇಲ್ಲಿ ಕೆಲಸವೇ ಇರಲಿಲ್ಲ ಎಂದು ಹೇಳಲಾಗದು. ಅದನ್ನು ತಿಳಿಯಲು ಹಿಂದಕ್ಕೆ ಹೋಗಬೇಕು. ನಾನು ಹೇಳುವುದೆಲ್ಲ ನನ್ನ ತಂದೆಯ ಅಕ್ಕ ಮದಲೇನತ್ತೆ ಹೇಳುತ್ತಿದ್ದುದು. ಅವರು ಅದನ್ನು ತಮ್ಮ ಅಜ್ಜಿಯಿಂದ ಕೇಳಿದ್ದರು.

ಹಿಂದೆ ಒಮ್ಮೆ, ಈ ಸೀಮೆಗೆ ರೈಲು ಬರುವುದಕ್ಕೂ ಮುಂಚೆ, ಫ್ರಾನ್ಸ್ ದೇಶದಿಂದ ಒಬ್ಬರು ಪಾದ್ರಿಗಳು ಹೊನ್ನೆಕುಂಟೆಗೆ ಬಂದರು ಎನ್ನುತ್ತಾರೆ. ಅವರ ಹೆಸರು ಎತ್ಯೆನ್ ಎಂದೇನೋ ಇತ್ತು. ಅದು ಊರಿನವರ ನಾಲಿಗೆಗೆ ಹೊಂದದೆ, ಎಲ್ಲರೂ ಅವರನ್ನು ಎತ್ತಿನಸ್ವಾಮಿ ಎಂದರು. ತಮ್ಮ ಹೆಸರು ಹಾಗೇಕೆ ಆಯಿತೆಂದು ತಿಳಿದ ಮೇಲೆ ಅವರು ನಕ್ಕು, ಗೋದಲಿಯ ಪಕ್ಕದಲ್ಲಿ ನಿಲ್ಲಲು ನನಗೆ ಒಳ್ಳೆಯ ಹೆಸರೇ ಸಿಕ್ಕಿತು ಎಂದರಂತೆ. ಅವರು ಹಡಗಿನಲ್ಲಿ ಬರುವಾಗಲೇ ಪುಸ್ತಕ ಓದಿ ಕನ್ನಡ ಕಲಿತಿದ್ದರು. ಆದ್ದರಿಂದ ಅವರ ಕನ್ನಡ ನಮ್ಮ ಕನ್ನಡದ ಹಾಗಿರಲಿಲ್ಲ. ಶಾಸನ ಓದಿದ ಹಾಗೆ ಇರುತ್ತಿತ್ತು. ಊರಿನ ಮಾತು ಕಲಿತದ್ದು ಹೆಚ್ಚಾಗಿ ಚರ್ಚು ಕಟ್ಟುತ್ತಿದ್ದ ಬಡಗಿಯಿಂದ. ಹಲಗೆ, ತೊಲೆ, ಗರಗಸ, ಮೊಳೆ, ಇವು ಅವರ ಬಾಯಿಗೆ ಚೆನ್ನಾಗಿ ಬರುತ್ತಿದ್ದವು. ಅದರಲ್ಲೂ ಮೊಳೆ. ಆಗ ಕಬ್ಬಿಣದ ಮೊಳೆ ಸಿಗುವುದು ಕಷ್ಟವಾಗಿತ್ತು, ಒಂದು ಮೊಳೆ ಡೊಂಕಾದರೆ ಅದನ್ನು ಇಕ್ಕಳದಿಂದ ಕಿತ್ತು, ಕಲ್ಲಿನ ಮೇಲಿಟ್ಟು ಬಡಿದು, ನೆಟ್ಟಗೆ ಮಾಡಿ ಮತ್ತೆ ಹೊಡೆಯುತ್ತಿದ್ದರು. ಆ ಕೆಲಸವನ್ನು ಸ್ವಾಮಿಗಳೇ ಕುಳಿತು ಮಾಡುತ್ತಿದ್ದರು.

ಪಡುವಣದ ಹಳೆಯ ಊರಿನಲ್ಲಿ ಪಿಳ್ಳಪ್ಪ ಎಂಬ ಒಕ್ಕಲಿಗನಿದ್ದ. ಅವನ ಹೆಂಡತಿ ಅಕ್ಕಯಮ್ಮ, ಅವರಿಗೆ ಮಕ್ಕಳಿರಲಿಲ್ಲ. ಪಿಳ್ಳಪ್ಪನ ತಮ್ಮ ಬಚ್ಚಪ್ಪನೊಂದಿಗೆ ಒಂದೇ ಅಂಗಳದಲ್ಲಿ, ಬೇರೆ ಬೇರೆ ಒಲೆ ಹೂಡಿಕೊಂಡು ಇದ್ದರು. ಗಂಡಹೆಂಡಿರಿಬ್ಬರೂ ಕ್ರೈಸ್ತರಾಗಲು ಮನಸ್ಸು ಮಾಡಿದರು. ಅದಕ್ಕೆ ಏನು ಕಾರಣ ಎಂಬುದರ ಬಗ್ಗೆ ಬೇರೆ ಬೇರೆ ಮಾತುಗಳಿವೆ, ನನಗೆ ಖಚಿತವಿಲ್ಲದ್ದರಿಂದ ಬರೆಯುವುದಿಲ್ಲ. ಅಕ್ಕಯಮ್ಮನಿಗೆ ಪಾಸ್ಕ ಹಬ್ಬದಲ್ಲಿ, ಎಂದರೆ ಈಸ್ಟರ್‌ನಲ್ಲಿ, ಜ್ಞಾನಸ್ನಾನವಾಯಿತು. ಜ್ಞಾನಸ್ನಾನ ಎಂದರೆ ತಲೆಯ ಮೇಲೆ ನೀರು ಹಾಕಿ, ಹೊಸ ಹೆಸರಿಟ್ಟು, ಸಭೆಗೆ ಸೇರಿಸಿಕೊಳ್ಳುವ ಸಂಸ್ಕಾರ. ಪಿಳ್ಳಪ್ಪನಿಗೆ ಮಾತ್ರ ಆಗಲಿಲ್ಲ, ಏಕೆಂದರೆ ಅವನಿಗೆ ಜಪ ಬಾಯಿಗೆ ಬರುತ್ತಿರಲಿಲ್ಲ. ಜಪ ಕಲಿಸುತ್ತಿದ್ದವನು ಶೌರಪ್ಪ ಎಂಬ ಉಪದೇಶಿ. ಅನುದಿನದ ಆಹಾರವನ್ನು ಕೊಡು ಎಂದು ಹೇಳುವ ಕಡೆ ಪಿಳ್ಳಪ್ಪ ಪ್ರತಿ ಸಲವೂ ಅನುದಿನದ ಮುದ್ದೆಯನ್ನು ಕೊಡು ಎನ್ನುತ್ತಿದ್ದ.

"ಮುದ್ದೆ ಅಲ್ಲ ಕಣಯ್ಯ, ಆಹಾರ!" ಎಂದು ಶೌರಪ್ಪ ತಲೆ ಚಚ್ಚಿಕೊಳ್ಳುತ್ತಿದ್ದ.

"ನಮ್ಮನೇಲಿ ಆಹಾರ ಅಂದ್ರೆ ಮುದ್ದೇನೇ ಅಲ್ವೇನಪ್ಪಾ? ಇಲ್ಲದ್ದನ್ನ ಕೇಳಿದ್ರೆ ದೇವರು ಎಲ್ಲಿಂದ ತಂದಾನು?" ಎನ್ನುತ್ತಿದ್ದ ಪಿಳ್ಳಪ್ಪ.

ಹೀಗೆ ಅವನ ಜ್ಞಾನಸ್ನಾನ ಮುಂದಕ್ಕೆ ಹೋಗಿ ಹೋಗಿ, ಬರುವ ಕ್ರಿಸ್ಮಸ್‌ಗೆ ಮಾಡೋಣ ಎಂದು ನಿಂತಿತು. ಇಲ್ಲಿ ಅದಕ್ಕೂ ಹಿಂದಿನ ಕ್ರಿಸ್ಮಸ್ಸಿನ ಒಂದು ಮಾತನ್ನು ಹೇಳಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಆ ವರ್ಷ ಸ್ವಾಮಿಗಳು ಈ ಊರಿನಲ್ಲಿ ಮೊದಲ ಬಾರಿಗೆ ಗೋದಲಿ ಕಟ್ಟಿದರು. ಗೋದಲಿ ಕಟ್ಟುವ ಪದ್ಧತಿ ಇಟಲಿ ದೇಶದಲ್ಲಿ ಸಂತ ಫ್ರಾನ್ಸಿಸರಿಂದ ಹರಡಿತು, ಅವರು ಬೆಟ್ಟದ ಮೇಲಿನ ಒಂದು ಹಳ್ಳಿಯಲ್ಲಿ ನಿಜವಾದ ಎತ್ತು ಕತ್ತೆಗಳನ್ನೇ ನಿಲ್ಲಿಸಿ ಜನರಿಗೆ ತೋರಿಸಿದರು ಎನ್ನುತ್ತಾರೆ. ನಮ್ಮ ಸ್ವಾಮಿಗಳು ಕುಂಬಾರನಿಂದ ಬೊಂಬೆ ಮಾಡಿಸಿ, ಮಿಕ್ಕ ಹಲಗೆಗಳಿಂದ ಕೊಟ್ಟಿಗೆ ಕಟ್ಟುತ್ತಿದ್ದರು. ಮೊಳೆ ಸಾಲದೆ ಕೊಟ್ಟಿಗೆ ವಾಲುತ್ತಿತ್ತು. ಪಿಳ್ಳಪ್ಪ ನೋಡಲು ಬಂದವನು ಬೊಂಬೆಗಳ ಕೆಳಗೆ ಹಾಸಿದ್ದ ಒಣಹುಲ್ಲನ್ನು ಬಹಳ ಹೊತ್ತು ನೋಡಿದ. ಮಗು ಹುಟ್ಟಿದ ಮನೆಯಲ್ಲಿ ಬರೀ ಒಣಗಿದ್ದು ಇರಬಾರದು, ಒಂದಿಷ್ಟು ಹಸಿರು ಬೇಕು ಎಂದು ಅವನಿಗೆ ತೋರಿತು. ಬಹಳ ಸಂಕೋಚದಿಂದ, "ಬರೋ ವರ್ಷ ಇದಕ್ಕೆ ನಾನು ಮೊಳೆ ತಂದುಕೊಡ್ತೀನಿ ಸ್ವಾಮಿ, ಹರಕೆ ಮಾಡ್ಕೊಂಡಿದ್ದೀನಿ" ಎಂದ. ಕೈಯಲ್ಲಿ ಡೊಂಕು ಮೊಳೆ ಹಿಡಿದಿದ್ದ ಸ್ವಾಮಿಗಳು, ಈ ಬಡವ ಎಲ್ಲಿಂದಲೋ ಕಬ್ಬಿಣದ ಮೊಳೆ ತಂದುಕೊಡುತ್ತೇನೆ ಎನ್ನುತ್ತಾನಲ್ಲ ಎಂದು ಕರಗಿ, "ಅವಶ್ಯವಾಗಿ ತಾ, ನನ್ನ ಮಗನೇ" ಎಂದರು. ಇಬ್ಬರಿಗೂ ಸಂತೋಷವಾಯಿತು. ಒಬ್ಬರು ಆಡಿದ್ದು ಇನ್ನೊಬ್ಬರಿಗೆ ತಿಳಿಯಲಿಲ್ಲ ಎಂಬುದು ಇಬ್ಬರಿಗೂ ತಿಳಿಯಲಿಲ್ಲ.

ಮರುವರ್ಷ ಕಾರ್ತಿಕ ಮುಗಿಯುವ ಹೊತ್ತಿಗೆ ಪಿಳ್ಳಪ್ಪ ಜ್ವರ ಬಂದು ತೀರಿಕೊಂಡ. ಆಗ ಸ್ವಾಮಿಗಳು ದೂರದ ಇನ್ನೊಂದು ಊರಿಗೆ ಪೂಜೆ ಸಲ್ಲಿಸಲು ಹೋಗಿದ್ದರು. ನಮ್ಮವರು ಚರ್ಚಿನ ಆರಾಧನೆಗೆ ಪೂಜೆ ಎನ್ನುತ್ತಾರೆ, ತಪ್ಪು ತಿಳಿಯಬಾರದು. ಹೆಣವನ್ನು ಎಲ್ಲಿ ಹೂಳುವುದು ಎಂಬ ಪ್ರಶ್ನೆ ಬಂತು. ಅವನು ನಮ್ಮನ್ನು ಬಿಟ್ಟು ಹೋದವನು ಎಂದು ಹಳೆಯ ಊರಿನ ಹಿರಿಯರು ತಮ್ಮ ಸ್ಮಶಾನಕ್ಕೆ ಒಪ್ಪಲಿಲ್ಲ. ಅವನಿಗೆ ಇನ್ನೂ ಜ್ಞಾನಸ್ನಾನವಾಗಿಲ್ಲ ಎಂದು ಶೌರಪ್ಪ ಚರ್ಚಿನ ಗೋಡೆಯೊಳಗೆ ಬಿಡಲಿಲ್ಲ. ನಿಯಮ ಆಗ ಹಾಗೇ ಇತ್ತು, ಶೌರಪ್ಪ ಕೆಟ್ಟವನಾಗಿರಲಿಲ್ಲ. ಕೊನೆಗೆ ಬಚ್ಚಪ್ಪನೇ ಗುದ್ದಲಿ ಹೊತ್ತು ಬಂದು, ಎರಡು ಕಡೆಗೂ ಸೇರದ ಈ ದಿಬ್ಬದ ಮೇಲೆ ಅಣ್ಣನಿಗೆ ಗುಂಡಿ ತೋಡಿದ. "ಹೋಗಿ ಹೋಗಿ ಎಲ್ಲಿಗೂ ಸಲ್ಲದ ಹಾಗೆ ಆದೆಯಲ್ಲೋ" ಎಂದು ಮಣ್ಣು ಎಳೆಯುತ್ತ ಬೈದನಂತೆ. ಬೈಯುತ್ತಲೇ ಅತ್ತನಂತೆ.

ಅಕ್ಕಯಮ್ಮನಿಗೆ ಉಳಿದದ್ದು ಒಂದೇ ಆಸೆ. ಗಂಡ ಒಂಟಿಯಾಗಿ ಬಿದ್ದಿರಬಾರದು. ಸ್ವಾಮಿಗಳು ಬಂದು ಆ ಸಮಾಧಿಯನ್ನು ಆಶೀರ್ವದಿಸಿ, ಇವನೂ ನಮ್ಮವನು ಎಂದು ಒಂದು ಮಾತು ಹೇಳಬೇಕು. ಸ್ವಾಮಿಗಳು ಊರಿಗೆ ಮರಳಿದಾಗ ಆಕೆ ಹೋಗಿ ಕೇಳಿದಳು. ಅವರು ತುಂಬ ನೊಂದುಕೊಂಡು, ಜ್ಞಾನಸ್ನಾನದ ಆಸೆ ಇಟ್ಟುಕೊಂಡೇ ಸತ್ತವನನ್ನು ದೇವರು ದೂರ ಮಾಡುವುದಿಲ್ಲ, ಕ್ರಿಸ್ಮಸ್ ಹಿಂದಿನ ಸಂಜೆ ನಾನೇ ದಿಬ್ಬಕ್ಕೆ ಬಂದು ತೀರ್ಥ ಚಿಮುಕಿಸಿ ಪ್ರಾರ್ಥನೆ ಮಾಡುತ್ತೇನೆ ಎಂದು ಮಾತು ಕೊಟ್ಟರು. ಆಕೆಗೆ ಸಮಾಧಾನವಾಯಿತು. ಮನೆಗೆ ಹೋದ ಮೇಲೆ ಗಂಡನ ಹರಕೆ ನೆನಪಾಯಿತು. ಮೊಳೆ ಹಾಕಬೇಕಾದವನು ಅವನು. ಅವನ ಕೈ ಇಲ್ಲ, ಮಣ್ಣಾದರೂ ಅವನದೇ ಆಗಲಿ ಎಂದು ಆಕೆ ಮುಸ್ಸಂಜೆ ದಿಬ್ಬಕ್ಕೆ ಹೋಗಿ ಸಮಾಧಿಯ ಮೇಲಿನ ಹೊಸ ಮಣ್ಣನ್ನು ಮಡಿಲಲ್ಲಿ ತುಂಬಿಕೊಂಡು ಬಂದಳು. ಬಿತ್ತನೆಗೆ ರಾಗಿ ಬೇಕಿತ್ತು. ಅಂಗಳದ ಆಚೆಯಿಂದ ಬಚ್ಚಪ್ಪ ನೋಡುತ್ತಿದ್ದ.

"ಇದೇನತ್ಗೆ, ಅವನು ಸತ್ತ ಮೇಲೂ ನಿಮ್ಮ ಪಾದ್ರಿಗೆ ಅವನ ಕೈಲಿ ಬೇಸಾಯ ಮಾಡಿಸ್ತೀಯಾ?" ಎಂದು ಚುಚ್ಚಿದ. ಒಳಗೆ ಹೋಗಿ, ಕಾಳು ತುಂಬಿಡುವ ವಾಡೆಯಿಂದ ಬಿತ್ತನೆ ರಾಗಿಯನ್ನು ಮೊರದಲ್ಲಿ ತಂದು ಆಕೆಯ ಮುಂದಿಟ್ಟ. "ಅವನ ಪಾಲಿಂದೇ. ನನ್ನದಲ್ಲ" ಎಂದು ಬಾಗಿಲು ಹಾಕಿಕೊಂಡ.

ಕತ್ತಲಲ್ಲಿ ಬೆಳೆದ ಪೈರು ಹಸಿರಾಗಿರುವುದಿಲ್ಲ, ಬೆಣ್ಣೆಯಂಥ ಹಳದಿ ಬಣ್ಣದಲ್ಲಿರುತ್ತದೆ. ಹೊರಗೆ ತಂದ ಮೇಲೆ ನಿಧಾನವಾಗಿ ಹಸಿರಾಗುತ್ತದೆ. ಆದ್ದರಿಂದ ಬುಟ್ಟಿಗಳನ್ನು ಒಳಕೋಣೆಯಲ್ಲಿ ಬಟ್ಟೆ ಮುಚ್ಚಿ ಇಡುತ್ತಾರೆ, ನೀರು ಚಿಮುಕಿಸುವಾಗ ಹೆಂಗಸರು ಮೆಲ್ಲಗೆ ಪದ ಹೇಳುತ್ತಾರೆ. ಅಕ್ಕಯಮ್ಮನೂ ಹಾಗೇ ಮಾಡಿದಳು. ಆದರೆ ಆಕೆ ಸಮಾಧಿಯ ಮಣ್ಣು ತಂದದ್ದನ್ನು ನೋಡಿದವರಿದ್ದರು, ಕತ್ತಲಕೋಣೆಯಲ್ಲಿ ಗುನುಗುವುದನ್ನು ಕೇಳಿದವರಿದ್ದರು. ಮಾತು ಬಾವಿಕಟ್ಟೆಗೆ ಬಂತು, ಅಲ್ಲಿಂದ ಶೌರಪ್ಪನಿಗೆ ಮುಟ್ಟಿತು. ಇದು ದಸರೆಯ ಪದ್ಧತಿ, ಜ್ಞಾನಸ್ನಾನವಾದವರು ಮಾಡಬಹುದೋ ಬಾರದೋ ಎಂದು ಅವನಿಗೆ ಅನುಮಾನ. ಕೇಳಿಬಿಡೋಣ ಎಂದು ಸ್ವಾಮಿಗಳ ಹತ್ತಿರ ಹೋದ. ಅವರು ಗೋದಲಿಯ ಕೊಟ್ಟಿಗೆ ಕಟ್ಟುತ್ತ ಕುಳಿತಿದ್ದರು.

"ಸ್ವಾಮಿ, ಅಕ್ಕಯಮ್ಮ ಗಂಡನ ಸಮಾಧಿ ಮಣ್ಣು ತಗೊಂಡೋಗಿ ಮನೇಲಿ ಮೊಳೆ ಹಾಕವಳೆ."

"ಸಮಾಧಿಯ ಮಣ್ಣಿನಲ್ಲಿ ಮೊಳೆಯೇ?"

"ಹೂಂ ಸ್ವಾಮಿ. ಬುಟ್ಟಿ ತುಂಬಾ. ಬೆರಳುದ್ದ ಅವೆ."

"ಯಾತಕ್ಕಾಗಿ?"

"ಸತ್ತ ಗಂಡನ ಹೆಸರಲ್ಲಿ ಸ್ವಾಮಿ. ಕತ್ತಲಲ್ಲಿ ಇಟ್ಟು, ಪದ ಹೇಳ್ತಾಳೆ."

ಸತ್ತವರು ದೆವ್ವವಾಗಿ ಏಳದಂತೆ ಮೊಳೆ ಹೊಡೆಯುವುದುಂಟು ಎಂದು ಸ್ವಾಮಿಗಳು ಬಡಗಿಯಿಂದ ಕೇಳಿದ್ದರು. ಅವರ ಮುಖ ಕೆಂಪಾಯಿತು. ಹರಕೆ ಹೊತ್ತು ಸತ್ತವನ ಎದೆಯ ಮೇಲಿನ ಮಣ್ಣಿಗೆ ಅವನ ಹೆಂಡತಿಯೇ ಮೊಳೆ ಹೊಡೆಯುವುದೇ ಎಂದು ಅವರಿಗೆ ಕೋಪಕ್ಕಿಂತ ಹೆಚ್ಚಾಗಿ ಸಂಕಟವಾಯಿತು ಎನ್ನುತ್ತಾರೆ. "ಆ ಮೊಳೆಗಳನ್ನು ತೆಗೆದೊಗೆಯುವ ತನಕ ನಾನು ಆ ಸಮಾಧಿಯನ್ನು ಆಶೀರ್ವದಿಸೆನು ಎಂದು ಆಕೆಗೆ ತಿಳಿಸು" ಎಂದರು. ಶೌರಪ್ಪ ತನ್ನ ಅನುಮಾನ ಸರಿಯೇ ಆಯಿತೆಂದುಕೊಂಡು ಹೋಗಿ ಹಾಗೇ ತಿಳಿಸಿದ. ಇಬ್ಬರೂ ಮೊಳೆ ಮೊಳೆ ಎಂದು ಎಷ್ಟು ಸಲ ಹೇಳಿದರೂ ಯಾರಿಗೂ ಗೊಂದಲವಾಗಲಿಲ್ಲ. ಮಾತು ಒಂದೇ ಆಗಿದ್ದರಿಂದಲೇ ಗೊಂದಲ ಹೊರಗೆ ಬರಲಿಲ್ಲ. ನಾನು ಇದನ್ನು ಸರಿಯಾಗಿ ಹೇಳುತ್ತಿದ್ದೇನೋ ಇಲ್ಲವೋ, ಆದರೆ ಕಥೆಯ ಗಂಟು ಇಲ್ಲೇ ಇದೆ.

ಅಕ್ಕಯಮ್ಮನ ಸಂಕಟವನ್ನು ಯೋಚಿಸಬೇಕು. ಮೊಳೆ ಎಸೆದರೆ ಗಂಡನ ಸಮಾಧಿಗೆ ಆಶೀರ್ವಾದ ಸಿಗುತ್ತದೆ, ಅವನ ಹರಕೆ ಮುರಿಯುತ್ತದೆ. ಇಟ್ಟುಕೊಂಡರೆ ಹರಕೆ ಉಳಿಯುತ್ತದೆ, ಅವನು ಎಂದೆಂದಿಗೂ ಎಲ್ಲಿಗೂ ಸೇರದವನಾಗಿ ಉಳಿಯುತ್ತಾನೆ. ಹೋದ ವರ್ಷ ತಾ ಎಂದವರೇ ಈ ವರ್ಷ ಎಸೆ ಎನ್ನುವುದು ಏಕೆ ಎಂಬುದು ಆಕೆಗೆ ತಿಳಿಯಲಿಲ್ಲ. ದೊಡ್ಡವರನ್ನು ಎದುರು ನಿಂತು ಕೇಳುವ ಧೈರ್ಯವೂ ಇರಲಿಲ್ಲ. ಬಾವಿಕಟ್ಟೆಯಲ್ಲಿ ಹೆಂಗಸರು, "ಎಸೆದುಬಿಡೇ ತಾಯಿ, ಒಂದು ಬುಟ್ಟಿ ರಾಗಿಪೈರಿಗೆ ಯಾಕಿಷ್ಟು ಹಟ?" ಎಂದರು. ಆಕೆ ಕೊಡ ಎತ್ತಿಕೊಳ್ಳುತ್ತ, "ಅವರ ಹರಕೇನ ತಿಪ್ಪೆಗೆ ಹಾಕಿ ಅವರಿಗೇ ಒಳ್ಳೇದು ಕೇಳ್ಲಾ?" ಎಂದಳಂತೆ. ಕೊನೆಗೆ ಆಕೆ ಒಂದು ತೀರ್ಮಾನಕ್ಕೆ ಬಂದಳು. ಚರ್ಚಿಗೆ ಬೇಡವಾದರೆ ಬೇಡ, ಮಣ್ಣು ಎಲ್ಲಿಂದ ಬಂತೋ ಅಲ್ಲಿಗೇ ಹೋಗಲಿ ಎಂದು ಹಬ್ಬದ ಹಿಂದಿನ ಸಂಜೆ ಬುಟ್ಟಿಗಳನ್ನು ದಿಬ್ಬಕ್ಕೆ ಸಾಗಿಸಿದಳು. ಒಂದನ್ನು ತಾನು ಹೊತ್ತಳು, ಇನ್ನೊಂದನ್ನು ಬಚ್ಚಪ್ಪ ಹೊತ್ತ. ನಾನು ನಿಮ್ಮ ಹಬ್ಬಕ್ಕೆ ಬರುತ್ತಿಲ್ಲ, ನನ್ನ ಅಣ್ಣನ ಹತ್ತಿರ ಹೋಗುತ್ತಿದ್ದೇನೆ ಎಂದು ದಾರಿಯುದ್ದಕ್ಕೂ ಹೇಳಿಕೊಂಡೇ ಬಂದನಂತೆ.

ಆಕೆ ಬುಟ್ಟಿಗಳನ್ನು ಸಮಾಧಿಯ ಕಡೆಗೆ ಸಾಗಿಸುತ್ತಿದ್ದಾಳೆಂದು ಶೌರಪ್ಪನಿಂದ ಕೇಳಿ, ಅದೇ ಹೊತ್ತಿಗೆ ಸ್ವಾಮಿಗಳೂ ದಿಬ್ಬ ಹತ್ತಿದರು. ಕೊಟ್ಟ ಮಾತು ಅವರನ್ನು ಕುಳಿತುಕೊಳ್ಳಲು ಬಿಟ್ಟಿರಲಿಲ್ಲ. ಆ ಹೆಂಗಸು ಕೀಳದಿದ್ದರೆ ನಾನೇ ಕಿತ್ತು, ಸತ್ತವನನ್ನು ಬಿಡಿಸುತ್ತೇನೆ ಎಂದು ಬಡಗಿಯ ಇಕ್ಕಳವನ್ನು ಕೈಯಲ್ಲಿ ಹಿಡಿದು ಬಂದಿದ್ದರು. ಹಿಂದೆ ಶೌರಪ್ಪನಿದ್ದ. ತೀರ್ಥದ ಪಾತ್ರೆ ತಂದಿರಲಿಲ್ಲ, ಏಕೆಂದರೆ ಆಶೀರ್ವದಿಸಲು ಬಂದಿರಲಿಲ್ಲ.

"ಮೊಳೆಗಳು ಎಲ್ಲಿವೆ?" ಎಂದು ಕೇಳಿದರು.

ಅಕ್ಕಯಮ್ಮ ಬುಟ್ಟಿ ಇಳಿಸುತ್ತ, "ಇಲ್ಲೇ ಅವೆ ಸ್ವಾಮಿ" ಎಂದಳು.

"ತೋರಿಸು. ನಾನೇ ಕೀಳುವೆನು."

"ಕೀಳಬೇಡಿ ಸ್ವಾಮಿ. ಈಗ ತಾನೇ ಬಂದವು" ಎಂದು ಆಕೆ ಬುಟ್ಟಿಯ ಮೇಲಿನ ಬಟ್ಟೆ ಸರಿಸಿದಳು.

ಮುಳುಗುವ ಬಿಸಿಲಿನಲ್ಲಿ ಆ ಹಳದಿ ಪೈರು ದೀಪ ಹಚ್ಚಿದ ಹಾಗೆ ಕಂಡಿತು ಎನ್ನುತ್ತಾರೆ. ಸ್ವಾಮಿಗಳಿಗೆ ಆಗಲೂ ತಿಳಿಯಲಿಲ್ಲ. ಕಬ್ಬಿಣ ಅದರ ಕೆಳಗಿರಬೇಕೆಂದು ಮಂಡಿಯೂರಿ, ಇಕ್ಕಳದ ಬಾಯಿಂದ ಪೈರನ್ನು ಸರಿಸಿ ಸರಿಸಿ ಮಣ್ಣಿನಲ್ಲಿ ಹುಡುಕಿದರು. ದೂರ ನಿಂತಿದ್ದ ಬಚ್ಚಪ್ಪ ತಡೆಯಲಾರದೆ, "ಏನ್ ಸ್ವಾಮಿ, ನಿಮ್ಮ ದೇಶದಲ್ಲಿ ಪೈರನ್ನ ಇಕ್ಕಳದಲ್ಲಿ ಕೀಳ್ತಾರಾ?" ಎಂದ. ಸ್ವಾಮಿಗಳು ಕೈ ನಿಲ್ಲಿಸಿದರು. ಇಕ್ಕಳದ ಬಾಯಲ್ಲಿ ಒಂದು ಎಳೆ ಸಿಕ್ಕಿಕೊಂಡಿತ್ತು. ಅದನ್ನು ಎತ್ತಿ ತೋರಿಸಿ, "ಶೌರಪ್ಪ, ಇದನ್ನು ಏನೆಂದು ಕರೆಯುತ್ತಾರೆ?" ಎಂದು ಕೇಳಿದರು.

"ಮೊಳೆ ಸ್ವಾಮಿ."

"ನಾನು ಹಲಗೆಗೆ ಹೊಡೆಯುವುದನ್ನು?"

"ಅದಕ್ಕೂ ಮೊಳೆ ಅಂತಲೇ ಅಂತಾರೆ ಸ್ವಾಮಿ."

ಆಗ ಅಕ್ಕಯಮ್ಮನಿಗೆ ಎಲ್ಲಿಂದಲೋ ಧೈರ್ಯ ಬಂತು. "ಹೋದ ವರ್ಷ ಅವರು ಮೊಳೆ ತರ್ತೀನಿ ಅಂದಾಗ ನೀವೇ ತಾ ಅಂದಿದ್ದಿರಿ ಸ್ವಾಮಿ. ಅವರು ಇಲ್ಲ. ನಾನು ತಂದಿದ್ದೀನಿ" ಎಂದಳು.

ಸ್ವಾಮಿಗಳು ಮಂಡಿಯೂರಿದ್ದವರು ಏಳಲಿಲ್ಲ. ಪೈರಿಗೆ ಚಿಮುಕಿಸಲು ಆಕೆ ತಂದಿದ್ದ ಚೊಂಬಿನ ನೀರನ್ನು ಕೇಳಿ ತೆಗೆದುಕೊಂಡರು. ಅದನ್ನೇ ಮಂತ್ರಿಸಿ, ಇಕ್ಕಳದಲ್ಲಿ ಸಿಕ್ಕಿದ್ದ ಆ ಎಳೆಯನ್ನು ಅದರಲ್ಲಿ ಅದ್ದಿ, ಸಮಾಧಿಯ ಮೇಲೆ ಚಿಮುಕಿಸಿದರು. ಇಲ್ಲೊಂದು ವಿಷಯವನ್ನು ಬಿಡಿಸಿ ಹೇಳಬೇಕು: ಇದು ಜ್ಞಾನಸ್ನಾನವಲ್ಲ. ಸತ್ತವರಿಗೆ ಜ್ಞಾನಸ್ನಾನ ಕೊಡುವ ಕ್ರಮ ಸಭೆಯಲ್ಲಿ ಇಲ್ಲ, ಸ್ವಾಮಿಗಳು ಕೊಡಲೂ ಇಲ್ಲ. ಇದು ಸಮಾಧಿಯ ಆಶೀರ್ವಾದ ಮಾತ್ರ. ಪ್ರಾರ್ಥನೆಯಲ್ಲಿ ಸತ್ತವನ ಹೆಸರು ಹೇಳಬೇಕಾದಾಗ ಅವರು ಪಿಳ್ಳಪ್ಪ ಎಂದೇ ಹೇಳಿದರು. ಅದು ಸಂತರ ಹೆಸರಲ್ಲ ಎಂದು ಶೌರಪ್ಪ ಮೆಲ್ಲಗೆ ನೆನಪಿಸಿದ. "ದೇವರು ಇವನನ್ನು ಬೇರೆ ಯಾವ ಹೆಸರಿನಿಂದ ಗುರುತಿಸುವನು?" ಎಂದರಂತೆ. ಪರಲೋಕ ಜಪ ಹೇಳುವಾಗ, ಅನುದಿನದ ಆಹಾರ ಎನ್ನುವ ಕಡೆ ಶೌರಪ್ಪ ಮುದ್ದೆ ಎಂದುಬಿಟ್ಟ. ಯಾರೂ ತಿದ್ದಲಿಲ್ಲ.

ಆಮೇಲೆ ಸ್ವಾಮಿಗಳು ಚರ್ಚಿನಿಂದ ಗೋದಲಿಯ ಮಗುವನ್ನು ತರಿಸಿ, ಸಮಾಧಿಯ ಮೇಲೆ, ಆ ಎರಡು ಬುಟ್ಟಿಗಳ ನಡುವೆ ತಾವೇ ಮಲಗಿಸಿದರು. ಕೊಟ್ಟಿಗೆಯೂ ಬೇರೆ ಬೊಂಬೆಗಳೂ ದಿಬ್ಬಕ್ಕೆ ಬಂದದ್ದು ಮಾರನೆಯ ವರ್ಷದಿಂದ. ಹೊರಡುವಾಗ ಅವರು ಇಕ್ಕಳವನ್ನು ತೆಗೆದುಕೊಂಡು ನಿಲುವಂಗಿಯಲ್ಲಿ ಮರೆಮಾಡಲು ಹೋದರು. ಅಕ್ಕಯಮ್ಮ, "ಇರಲಿ ಬಿಡಿ ಸ್ವಾಮಿ. ನಾವು ತಂದಿದ್ದು ಇಲ್ಲಿದೆ, ನೀವು ತಂದಿದ್ದೂ ಇಲ್ಲೇ ಇರಲಿ" ಎಂದಳು. ಆಕೆ ಅದನ್ನು ಕುಟುಕಿ ಹೇಳಿದಳೋ ಪ್ರೀತಿಯಿಂದ ಹೇಳಿದಳೋ ಎಂದು ನಾನು ಮದಲೇನತ್ತೆಯನ್ನು ಕೇಳಿದ್ದೆ. "ಎರಡೂ ಬೇರೆ ಬೇರೆ ಅಂತ ನಿನಗೆ ಯಾರು ಹೇಳಿದ್ರು?" ಎಂದಿದ್ದರು. ಮರುದಿನ ಬಡಗಿ ಇಕ್ಕಳ ಕೇಳಲು ಬಂದಾಗ ಸ್ವಾಮಿಗಳು ಹೊಸದನ್ನು ಮಾಡಿಸಿಕೊಟ್ಟರು.

ಅಂದಿನಿಂದ ಹೊನ್ನೆಕುಂಟೆಯಲ್ಲಿ ಕ್ರಿಸ್ಮಸ್‌ಗೆ ಮೊಳೆ ಹಾಕುತ್ತಾರೆ. ನಮ್ಮ ಹೆಣ್ಣುಮಕ್ಕಳು ಮದುವೆಯಾಗಿ ಹೋದ ಊರುಗಳಲ್ಲೂ ಹಾಕುತ್ತಾರೆ. ಈಗ ಬೆಂಗಳೂರಿನ ಎಷ್ಟೋ ಮನೆಗಳ ಗೋದಲಿಗಳಲ್ಲೂ ತಟ್ಟೆಯಲ್ಲಿ ರಾಗಿಪೈರು ಇರುತ್ತದೆ. ಅದೆಲ್ಲ ಇಲ್ಲಿಂದಲೇ ಹೋಯಿತು ಎಂದು ನಮ್ಮವರು ಹೆಮ್ಮೆಯಿಂದ ಹೇಳುತ್ತಾರೆ, ನಾನು ಅಷ್ಟು ದೂರ ಹೋಗಲಾರೆ. ಏಕೆಂದರೆ ಕೆಲವು ವರ್ಷಗಳ ಹಿಂದೆ ಹಂಗೇರಿ ದೇಶದ ಒಬ್ಬರು ಸಿಸ್ಟರ್ ಇಲ್ಲಿಗೆ ಬಂದಿದ್ದರು. ಬುಟ್ಟಿಗಳನ್ನು ನೋಡಿ ಕೆನ್ನೆಗೆ ಕೈಯಿಟ್ಟು ನಿಂತರು. ತಮ್ಮ ಅಜ್ಜಿಯೂ ಡಿಸೆಂಬರಿನಲ್ಲಿ ಸಂತ ಲೂಸಿಯಮ್ಮನ ಹಬ್ಬದ ದಿನ ತಟ್ಟೆಯಲ್ಲಿ ಗೋಧಿ ಚೆಲ್ಲಿ ಕ್ರಿಸ್ಮಸ್ ಹೊತ್ತಿಗೆ ಪೈರು ಬರಿಸುತ್ತಿದ್ದರು ಎಂದರು. ಫ್ರಾನ್ಸಿನ ದಕ್ಷಿಣ ಭಾಗದಲ್ಲೂ ಸಂತ ಬಾರ್ಬರಾಳ ಹಬ್ಬಕ್ಕೆ ಹೀಗೇ ಮಾಡುತ್ತಾರಂತೆ. ಹಾಗಾದರೆ ಇದು ಎತ್ತಿನಸ್ವಾಮಿಗಳೇ ತಂದ ಪದ್ಧತಿ ಎಂದು ಕೆಲವರು ವಾದ ಹೂಡಿದರು. ಸ್ವಾಮಿಗಳಿಗೆ ಅದು ಗೊತ್ತಿದ್ದರೆ ಆ ಸಂಜೆ ಇಕ್ಕಳ ಹಿಡಿದು ಏಕೆ ಬರುತ್ತಿದ್ದರು? ನನಗೆ ತೋರುವುದು ಇಷ್ಟೇ: ಚಳಿಗಾಲದಲ್ಲಿ ಮನೆಯೊಳಗೊಂದು ಹಸಿರು ಬೇಕು ಎಂದು ಅಲ್ಲಿಯ ಅಜ್ಜಿಗೂ ಅನ್ನಿಸಿತು, ಇಲ್ಲಿಯ ಪಿಳ್ಳಪ್ಪನಿಗೂ ಅನ್ನಿಸಿತು. ಯಾರು ಯಾರಿಗೆ ಕೊಟ್ಟರು ಎಂದು ಹೇಳುವುದು ನನ್ನಂಥವನ ಕೆಲಸವಲ್ಲ.

ಈಗ ಬರುವವರು ನೋಡುವುದು ಹೀಗೆ. ಮಂಟಪದ ಕಂಬದಲ್ಲಿ ಬಿದಿರು ಕಡ್ಡಿ ಮತ್ತು ಬಣ್ಣದ ಕಾಗದದ ನಕ್ಷತ್ರ ತೂಗುತ್ತದೆ; ದೀಪಾವಳಿಗೆ ಆಕಾಶಬುಟ್ಟಿ ಕಟ್ಟುವವರೇ ಅದನ್ನೂ ಕಟ್ಟಿಕೊಡುತ್ತಾರೆ. ಕೆಳಗೆ ಗೋದಲಿ, ಸುತ್ತ ಬುಟ್ಟಿಗಳು, ಎತ್ತಿನ ಮುಂದೆ ಇಕ್ಕಳ. ಹಬ್ಬ ಮುಗಿದ ಮೇಲೆ ಪೈರನ್ನು ಎಸೆಯುವುದಿಲ್ಲ. ಸಂಕ್ರಾಂತಿಯವರೆಗೆ ನೀರು ಹಾಕಿ ಕಾಪಾಡಿ, ಅಂದು ಎರಡೂ ಕಡೆಯ ದನಗಳಿಗೆ ತಿನ್ನಿಸುತ್ತಾರೆ. ಮಣ್ಣನ್ನು ಮತ್ತೆ ಸಮಾಧಿಗೇ ಸುರಿಯುತ್ತಾರೆ. ಸಮಾಧಿಗೆ ಹೆಸರು ಕೆತ್ತಿಸಿಲ್ಲವೇಕೆ ಎಂದೂ ಕೆಲವರು ಕೇಳುತ್ತಾರೆ. ಕೆತ್ತಿಸಿದರೆ ಶಿಲುಬೆ ಹಾಕಬೇಕೋ ಬೇಡವೋ ಎಂಬ ಮಾತು ಬರುತ್ತದೆ. ಪಿಳ್ಳಪ್ಪ ಕೊನೆಗೂ ಯಾರ ಕಡೆಯವನಾದ ಎಂಬ ಪ್ರಶ್ನೆ ಅದು. ಇದಕ್ಕೆ ಹಿರಿಯರು ಕೊಡುತ್ತಿದ್ದ ಉತ್ತರವೊಂದಿದೆ. ಅದು ಅರ್ಥವಾಗಬೇಕಾದರೆ ಮೊದಲು ಬುಟ್ಟಿ ಇಡುವ ಕ್ರಮ ತಿಳಿದಿರಬೇಕು. ಸಮಾಧಿಯ ತಲೆಯ ಕಡೆಯ ಬುಟ್ಟಿ ನಮ್ಮದಲ್ಲ. ಅದು ಬಚ್ಚಪ್ಪನ ವಂಶದವರದು. ಅವರು ಇಂದಿಗೂ ಮುನೇಶ್ವರನ ಒಕ್ಕಲು. ಅವರ ಮನೆಗೆ ಈಗಲೂ ಪಿಳ್ಳಪ್ಪನ ಮನೆ ಎಂದೇ ಹೆಸರು. ಅವರ ಬುಟ್ಟಿ ಬರುವವರೆಗೆ ಗೋದಲಿಯಲ್ಲಿ ಮಗುವನ್ನು ಮಲಗಿಸುವಂತಿಲ್ಲ, ಗುರುಗಳಾದರೂ ಕಾಯಬೇಕು. ಇದಕ್ಕೆ ಕಾರಣವೇನೆಂದರೆ, ಆ ಸಂಜೆ ಎಲ್ಲರೂ ದಿಬ್ಬ ಇಳಿದ ಮೇಲೆ ಅಕ್ಕಯಮ್ಮ ಬಚ್ಚಪ್ಪನನ್ನು ಕರೆದು, "ರಾಗಿ ಅವರ ಪಾಲಿಂದೇ ಅಂದೆಯಲ್ಲ, ಬರೋ ವರ್ಷದಿಂದ ಅವರ ತಲೆ ಕಡೆ ಬುಟ್ಟೀನ ನೀನೇ…"

ಇವತ್ತೂ ಹಬ್ಬದ ಹಿಂದಿನ ಸಂಜೆಯೇ, ದಿಬ್ಬದ ಮೇಲಿಂದ ಇನ್ನಾಸಪ್ಪ ಕೂಗುತ್ತಿದ್ದಾನೆ. ಇನ್ನಾಸಪ್ಪ ನಮ್ಮಲ್ಲಿ ಗೋದಲಿ ಕಟ್ಟುವವನು. "ಬಸ್ತಿಯಣ್ಣಾ, ಬರೆದಿದ್ದು ಸಾಕು ಬಾರಣ್ಣಾ! ಪಿಳ್ಳಪ್ಪನ ಮನೆಯೋರು ಮೊಳೆ ತಂದವ್ರೆ, ಆಗಲೇ ಬಂದು ನಿಂತವ್ರೆ. ಮಗೂನ ಎತ್ಕೊಂಡು ಬಾ!"

ಮಗು ನನ್ನ ಹತ್ತಿರವೇ ಇದೆ, ಪ್ರತಿ ವರ್ಷ ಅದಕ್ಕೆ ಹೊಸ ಅಂಗಿ ಹೊಲಿಯುವುದು ನಾನು. ಇನ್ನೂ ಒಂದು ಗುಂಡಿ ಹಾಕಬೇಕಿತ್ತು. ಇರಲಿ, ಅವರನ್ನು ಕಾಯಿಸಬಾರದು.